ಪೇಪರ್ ಪಥ್ಯ

ಆರೋಗ್ಯ ಅನ್ನುವುದಕ್ಕೆ ನಮ್ಮ ಅಜ್ಜಿಯ ಬಳಿ ಒಂದೇ ಪರೀಕ್ಷೆ ಇತ್ತು. ಬೆಳಿಗ್ಗೆ ಎದ್ದವರು ತಿಂಡಿ ತಿಂದು ಕೆಲಸಕ್ಕೆ ಹೋದರೆ ಗಟ್ಟಿಮುಟ್ಟು. ತಿಂಡಿ ಬೇಡ ಎಂದರೆ ಕಾಯಿಲೆ. ತಿಂಡಿ ತಿಂದೂ ಕೆಲಸಕ್ಕೆ ಹೋಗದಿದ್ದರೆ ಮೈಗಳ್ಳತನ. ಎರಡನೆಯದಕ್ಕೆ ಕಷಾಯ ಕೊಡುತ್ತಿದ್ದಳು, ಮೂರನೆಯದಕ್ಕೆ ಏನು ಕೊಡುತ್ತಿದ್ದಳು ಎಂಬುದನ್ನು ನಾಲ್ಕು ಜನರೆದುರು ಹೇಳುವುದು ಬೇಡ. ಈಗ ಕಾಲ ಹಾಗಿಲ್ಲ. ಒಬ್ಬ ಮನುಷ್ಯ ತಟ್ಟೆ ತುಂಬ ಕಡುಬು ತಿಂದು, ಗುಡ್ಡ ಹತ್ತಿ ಇಳಿದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ನಗಿಸಿ ಬಂದರೂ ಅವನು ಆರೋಗ್ಯವಾಗಿದ್ದಾನೆಂದು ಧೈರ್ಯವಾಗಿ ಹೇಳುವ ಹಾಗಿಲ್ಲ. ಅದನ್ನು ಯಂತ್ರ ಹೇಳಬೇಕು. ಯಂತ್ರ ಹೇಳುವ ತನಕ ಅವನು ಸುಮ್ಮನೆ ಬದುಕಿದ್ದಾನೆ ಅಷ್ಟೆ. ಅಂಥ ಯಂತ್ರವೊಂದು ನನ್ನ ಲೈಬ್ರರಿಗೆ ಬಂದು ಕೂತದ್ದರಿಂದ ಆದ ಪೇಚಾಟವನ್ನು ಹೇಳಿಕೊಳ್ಳಲು ಇಷ್ಟು ಪೀಠಿಕೆ ಹಾಕಿದೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬಸ್ಸು ಏದುಸಿರು ಬಿಡುತ್ತಾ ನಿಲ್ಲುವ ಊರುಗಳಲ್ಲಿ ನಮ್ಮದೂ ಒಂದು. ಅಲ್ಲಿನ ಲೈಬ್ರರಿ ನೋಡಿಕೊಳ್ಳುವವಳು ನಾನು. ‘ನನ್ನ ಲೈಬ್ರರಿ’ ಎಂದದ್ದಕ್ಕೆ ಯಾರೂ ಬೇಸರಿಸಬಾರದು. ಒಂದೇ ಕೋಣೆ, ಒಂದೇ ಬಾಗಿಲು, ಬೀಗದ ಕೈ ನನ್ನ ಹತ್ತಿರ. ಊರವರು ನನ್ನನ್ನು ಟೀಚರೇ ಎಂದು ಕರೆಯುತ್ತಾರೆ. ಪುಸ್ತಕಗಳ ಮಧ್ಯೆ ಕೂತು ಸಂಬಳ ತೆಗೆದುಕೊಳ್ಳುವ ಹೆಂಗಸು ಟೀಚರಲ್ಲದೆ ಇನ್ನೇನಾಗಿರಲು ಸಾಧ್ಯ ಎಂಬುದು ಅವರ ತರ್ಕ. ನಾನೂ ಮೊದಮೊದಲು ತಿದ್ದಿದೆ, ಆಮೇಲೆ ಸುಮ್ಮನಾದೆ.

ಓದುಗರಲ್ಲಿ ಹೆಚ್ಚಿನವರು ಬಸ್ಸು ತಪ್ಪಿಸಿಕೊಂಡವರು. ಬಸ್ಸು ಬಂದ ಕೂಡಲೇ ಕಥೆಯನ್ನು ಅರ್ಧಕ್ಕೇ ಕವುಚಿಟ್ಟು ಓಡುತ್ತಾರೆ. ಆದರೆ ಇಬ್ಬರು ಮಾತ್ರ ಬಸ್ಸಿಗೂ ಕಾಯದೆ, ಮಳೆಗೂ ಹೆದರದೆ ಪ್ರತಿದಿನ ಬರುವವರು. ಒಬ್ಬರು ತಮ್ಮಯ್ಯಗೌಡರು; ಊರ ಮೇಲುಗಡೆ ಸಣ್ಣದೊಂದು ಕಾಫಿ ತೋಟ, ಕಣ್ಣಿಗೆ ಪೊರೆ. ಇನ್ನೊಬ್ಬರು ಹಸನಬ್ಬ, ರಸ್ತೆ ಬದಿಯಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟಿದ್ದವರು, ಈಗ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಗೌಡರಿಗೆ ಪೇಪರಿನ ಅಕ್ಷರ ಕಾಣುವುದಿಲ್ಲ, ಆದ್ದರಿಂದ ಹಸನಬ್ಬ ಗಟ್ಟಿಯಾಗಿ ಓದುತ್ತಾರೆ. ಜೀಪಿನ ಇಂಜಿನ್ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅವರದು. ಒಂದು ಸುದ್ದಿ ಓದಿ ನಿಲ್ಲಿಸುತ್ತಾರೆ, ಗೌಡರು ಅದನ್ನು ತಳ್ಳಿಹಾಕುತ್ತಾರೆ, ಹಸನಬ್ಬ ಪೇಪರಿನ ಪರವಾಗಿ ವಾದಿಸುತ್ತಾರೆ. ಮಂತ್ರಿಗಳ ಭಾಷಣವಾಗಲಿ, ಮೆಣಸಿನ ರೇಟಾಗಲಿ, ಆನೆ ಬಂದ ಸುದ್ದಿಯಾಗಲಿ, ಗೌಡರು ಒಪ್ಪಿದರೆ ಮಾತ್ರ ಅದು ನಡೆದ ಹಾಗೆ. ‘ಮೌನವಾಗಿರಿ’ ಎಂಬ ಬೋರ್ಡು ಅವರ ತಲೆಯ ಮೇಲೇ ತೂಗುತ್ತಿತ್ತು. ಅದರ ಮೊಳೆ ಒಂದು ಕಡೆ ಕಿತ್ತು ಬಂದದ್ದು ಅವರ ಸ್ವರಕ್ಕೇ ಎಂದು ನನ್ನ ಗುಮಾನಿ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಲೈಬ್ರರಿ ನೋಡಿಕೊಳ್ಳುವ ನಮಗೆಲ್ಲ ಒಂದು ತರಬೇತಿ ಆಯಿತು. ಗ್ರಂಥಾಲಯ ಸೇವೆಗಳ ಮರುಚಿಂತನೆ ಎಂದು ವಿಷಯ. ಪೇಟೆಯಿಂದ ಬಂದಿದ್ದ ಯುವಕರೊಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು, ‘ಲೈಬ್ರರಿ ಎಂದರೆ ಪುಸ್ತಕವಲ್ಲ’ ಎಂದು ಶುರು ಮಾಡಿದರು. ಪಕ್ಕದಲ್ಲಿದ್ದವಳ ಕಿವಿಯಲ್ಲಿ ನಾನು, “ಹಾಗಾದ್ರೆ ಅವಲಕ್ಕಿಯಾ?” ಎಂದೆ. ಅವಳು ನಕ್ಕದ್ದು ಜೋರಾಯಿತು. ಯುವಕರು ಪಾಪ, ಒಳ್ಳೆಯವರು. ನಮ್ಮ ಪ್ರಶ್ನೆಯೇನೆಂದು ಕೇಳಿದರು, ನಾನು ಕುಡಿಯುವ ನೀರು ಎಲ್ಲಿದೆ ಎಂದು ಕೇಳಿ ಪಾರಾದೆ. ಜನರ ಯೋಗಕ್ಷೇಮದ ಕೇಂದ್ರವಾಗಬೇಕು ಲೈಬ್ರರಿ, ಆರೋಗ್ಯದ ಅರಿವು ಅಲ್ಲಿಂದಲೇ ಹರಡಬೇಕು ಎಂದರು. ಹರಡಲಿ, ಒಳ್ಳೆಯದೇ. ಕೆಲವು ದಿನ ಕಳೆದು ನನ್ನ ಕೋಣೆಗೆ ಒಂದು ತೂಕದ ಯಂತ್ರ, ಒಂದು ಬಿ.ಪಿ. ಯಂತ್ರ ಮತ್ತು ನಗುನಗುತ್ತಾ ಸೊಪ್ಪು ತಿನ್ನುತ್ತಿರುವ ಸಂಸಾರದ ಒಂದು ಚಿತ್ರ ಬಂದವು. ಕಾದಂಬರಿಗಳ ಕಪಾಟನ್ನು ಗೋಡೆಗೆ ಒತ್ತಿ ‘ಆರೋಗ್ಯ ಮೂಲೆ’ ಎಂದು ಹೆಸರಿಟ್ಟೆ. ವಾರಕ್ಕೊಮ್ಮೆ ಆರೋಗ್ಯ ಕೇಂದ್ರದಿಂದ ಶೈಲಾ ಸಿಸ್ಟರ್ ಬಂದು ನೋಡುವುದೆಂದು ಏರ್ಪಾಡಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಫಿ ಸೀಮೆಯಲ್ಲಿ ತೋಟ ಇರುವವರೆಲ್ಲ ಮಳೆ ಅಳೆಯುತ್ತಾರೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ ಇಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟು ಎಂದು ತಿಳಿದುಕೊಂಡ ಮೇಲೇ ಕಾಫಿ. ಆಮೇಲೆ ದಿನವಿಡೀ ಎದುರು ಸಿಕ್ಕವರನ್ನೆಲ್ಲ, “ನಿಮ್ಮಲ್ಲಿ ಎಷ್ಟಾಯ್ತು?” ಎಂದು ಕೇಳುವುದು. ಪಕ್ಕದ ತೋಟಕ್ಕಿಂತ ನಮ್ಮಲ್ಲಿ ಹತ್ತು ಸೆಂಟು ಹೆಚ್ಚಾದರೆ ಆ ದಿನ ನಡಿಗೆಯೇ ಬೇರೆ. ಕಮ್ಮಿಯಾದವರು ತಮ್ಮ ಮಾಪಕದ ಮೇಲೆ ಮರದ ಕೊಂಬೆ ಬಾಗಿತ್ತೆಂದೋ ಗಾಳಿ ಅಡ್ಡ ಬೀಸಿತೆಂದೋ ಸಬೂಬು ಹೇಳುತ್ತಾರೆ. ಸಾವಿನ ಮನೆಯಲ್ಲೂ ಕಣ್ಣೀರು ಒರೆಸಿಕೊಂಡು, “ನಿಮ್ಮ ಕಡೆ ಎಷ್ಟು?” ಎಂದು ಕೇಳಿದವರನ್ನು ನಾನು ನೋಡಿದ್ದೇನೆ. ಬಿ.ಪಿ. ಯಂತ್ರ ಬಂದದ್ದು ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ. ಮಾಪಕಗಳೆಲ್ಲ ಒಣಗಿದ್ದವು. ಹೋಲಿಸಿಕೊಳ್ಳಲು ಒಂದೂ ನಂಬರ್ ಇಲ್ಲದೆ ಊರಿಗೆ ಊರೇ ಬಾಯಾರಿ ಕೂತಿತ್ತು.

ಮೊದಲ ವಾರವೇ ಲೈಬ್ರರಿಯ ಎದುರು ಸಾಲು. ನನಗೆ ಖುಷಿಯೋ ಖುಷಿ. ಸಿಸ್ಟರ್ ಪಟ್ಟಿ ಕಟ್ಟಿ ಗಾಳಿ ತುಂಬಿಸುವುದು, ಯಂತ್ರ ಕೀಂ ಎನ್ನುವುದು, ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ “ಎಷ್ಟಾಯ್ತು?” ಎನ್ನುವುದು. ಹೆಚ್ಚು ಬಂದವರು ಎದೆ ಉಬ್ಬಿಸಿಕೊಂಡು ಹೋದರು. ಕಮ್ಮಿ ಬಂದವರು, “ಇವತ್ತು ತಿಂಡಿ ಸರಿಯಾಗಿರ್ಲಿಲ್ಲ” ಎಂದು ಸಬೂಬು ಹೇಳಿದರು. ಮಳೆಯ ಲೆಕ್ಕಕ್ಕೆಂದು ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿನಲ್ಲಿ ಬಿ.ಪಿ. ಸುರಿಯತೊಡಗಿತು. ಗೌಡರಿಗೆ ಒಂದು ಸಂಶಯ ಮಾತ್ರ ಉಳಿಯಿತು.

“ಅಲ್ಲ ಟೀಚರೇ, ಇದ್ರಲ್ಲಿ ಎರಡೆರಡು ನಂಬರ್ ಬರ್ತದಲ್ಲ, ಎಂಥದು ಅದು? ಮೇಲಿನ ತೋಟದ್ದೊಂದು, ಕೆಳಗಿನ ತೋಟದ್ದೊಂದಾ?”

ಗೌಡರಿಗೆ ಬಂದದ್ದು ನೂರ ಎಪ್ಪತ್ತಕ್ಕೂ ಮೇಲೆ. ಹಸನಬ್ಬರಿಗೆ ನೂರ ಇಪ್ಪತ್ತು. “ಅಷ್ಟೇನಾ? ಛೆ ಛೆ,” ಎಂದರು ಗೌಡರು, ಬಹಳ ಮರುಕದಿಂದ. “ನಿಮ್ಮ ಕಡೆ ಯಾವಾಗ್ಲೂ ಕಮ್ಮಿನೇ ಬಿಡು ಮಾರಾಯ.” ಹಸನಬ್ಬ ಮುಖ ಸಣ್ಣದು ಮಾಡಿಕೊಂಡು, “ಮಿಷನ್ ಸರಿ ಇಲ್ಲ. ಒಂದು ಸ್ಕ್ರೂಡ್ರೈವರ್ ಇದ್ರೆ ಕೊಡಿ, ಬಿಚ್ಚಿ ನೋಡುವ” ಎಂದರು. ಸಿಸ್ಟರ್ ಯಂತ್ರವನ್ನು ಎದೆಗವುಚಿಕೊಂಡು ನನ್ನ ಕಡೆ ತಿರುಗಿದರು.

“ಟೀಚರ್, ಇದು ಮಳೆ ಅಲ್ಲ ಅಂತ ಸ್ವಲ್ಪ ಹೇಳಿ ಇವರಿಗೆ. ಜಾಸ್ತಿ ಬಂದ್ರೆ ಕೆರೆ ತುಂಬಲ್ಲ, ಮನುಷ್ಯ ಬೀಳ್ತಾನೆ!”

ಗೌಡರು ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿಕೊಂಡರು. ಆದರೆ ತಡವಾಗಿತ್ತು, ನೂರ ಎಪ್ಪತ್ತರ ಹೆಮ್ಮೆಯ ಸುದ್ದಿ ವಾಟ್ಸಾಪಿನ ಮೂಲಕ ಅವರ ಹೆಂಡತಿ ಲಲಿತಮ್ಮನವರನ್ನು ಆಗಲೇ ತಲುಪಿತ್ತು. ಮರುದಿನವೇ ಗೌಡರನ್ನು ಮೂಡಿಗೆರೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಮ್ಮಿ ಮಾಡಿ, ತಲೆಗೆ ಹಚ್ಚಿಕೊಳ್ಳುವ ವಿಷಯಗಳಿಂದ ಸ್ವಲ್ಪ ದೂರ ಇರಿ ಎಂದರಂತೆ. ಅಷ್ಟೇ ಹೇಳಿದ್ದು. ತಲೆಗೆ ಹಚ್ಚಿಕೊಳ್ಳುವ ವಿಷಯ ಯಾವುದೆಂದು ಲಲಿತಮ್ಮನವರು ಬಸ್ಸಿನಲ್ಲಿ ಬರುತ್ತಾ ತಾವೇ ತೀರ್ಮಾನಿಸಿದರು. ಉಪ್ಪಿನಕಾಯಿ ಬಂದ್, ಪೇಪರ್ ಬಂದ್, ಲೈಬ್ರರಿ ಬಂದ್, ಹಸನಬ್ಬ ಬಂದ್.

ನಾನು ಮೊದಲು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಐದು ದಿನ ಕೋಣೆ ತಣ್ಣಗಿತ್ತು. ಬೋರ್ಡು ಹೇಳಿದ್ದ ಮೌನ ಕೊನೆಗೂ ಬಂತಲ್ಲ ಎಂದು ಪುಸ್ತಕಗಳ ಧೂಳು ಹೊಡೆದೆ. ಆರನೆಯ ದಿನ ಧೂಳಿನ ಬಟ್ಟೆ ಕೆಳಗಿಟ್ಟು ಹಸನಬ್ಬರ ಕಡೆ ನೋಡಿದೆ. ಅವರು ಪೇಪರನ್ನು ಬಾಯಿ ಮುಚ್ಚಿಕೊಂಡು ಓದುತ್ತಿದ್ದರು. ಒಂದು ಸುದ್ದಿ ಮುಗಿಸಿ ರೂಢಿಯಂತೆ ತಲೆಯೆತ್ತಿ ಎದುರಿನ ಖಾಲಿ ಕುರ್ಚಿಯನ್ನು ನೋಡುವುದು, ಮತ್ತೆ ತಲೆ ತಗ್ಗಿಸುವುದು. ಹತ್ತು ನಿಮಿಷದಲ್ಲಿ ಇಡೀ ಪೇಪರ್ ಮುಗಿಯಿತು. ಅವರಿಬ್ಬರಿಗೆ ಅದು ಮಧ್ಯಾಹ್ನದ ಊಟದ ತನಕ ಬರುತ್ತಿತ್ತು. “ಇದ್ರಲ್ಲಿ ಎಂಥದೂ ಇಲ್ಲ ಟೀಚರೇ ಈಗೀಗ,” ಎಂದು ಮಡಚಿಟ್ಟು ಎದ್ದು ಹೋದರು. ಆರೋಗ್ಯದ ಅರಿವು ಹರಡಲು ಹೋಗಿ ನನ್ನ ಇಬ್ಬರೇ ಖಾಯಂ ಓದುಗರಲ್ಲಿ ಒಬ್ಬರನ್ನು ಕಳೆದುಕೊಂಡಿದ್ದೆ, ಇನ್ನೊಬ್ಬರೂ ಹೋಗುವ ದಾರಿಯಲ್ಲಿದ್ದರು. ನನಗೆ ನಿಜಕ್ಕೂ ದುಃಖವಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಸೊಪ್ಪು ತಿನ್ನುತ್ತಿದ್ದ ಸಂಸಾರವನ್ನು ದುರುಗುಟ್ಟಿ ನೋಡಿದೆ.

ಆ ಸಂಜೆ ಬೀಗ ಹಾಕಿಕೊಂಡು ಗೌಡರ ಮನೆಗೆ ಹೋದೆ. ಜಗಲಿಯ ಮೇಲೆ ಬೇಸಿಗೆಯ ಸೆಕೆಯಲ್ಲೂ ಉಲ್ಲನ್ ಟೋಪಿ ಹಾಕಿಸಿಕೊಂಡು ಕೂತಿದ್ದರು. ತೋಟಕ್ಕೆ ಹೋಗುವುದನ್ನು ತಾವೇ ಬಿಟ್ಟಿದ್ದರಂತೆ. ಹೋಗಿ ಬಂದು ಯಾರಿಗೆ ಹೇಳುವುದು ಎಂದರು. ಒಂದೇ ವಾರದಲ್ಲಿ ಮನುಷ್ಯ ಇಳಿದುಹೋಗಿದ್ದರು.

“ಉಪ್ಪಿಲ್ದೆ ಉಣ್ಬಹುದು ಟೀಚರೇ, ನಾಲಿಗೆಗೆ ರೂಢಿ ಆಗ್ತದೆ. ಹಸನಬ್ಬ ಇಲ್ದೆ ಮಧ್ಯಾಹ್ನ ಆಗೋದೇ ಇಲ್ಲ ಮಾರಾಯ್ತಿ,” ಎಂದರು. ಆಮೇಲೆ ಒಳಗಿನ ಬಾಗಿಲನ್ನೊಮ್ಮೆ ನೋಡಿ, ದನಿ ತಗ್ಗಿಸಿ, “ಏನ್ ಓದ್ತಿದಾನೆ ಅವ್ನು?” ಎಂದು ಕೇಳಿದರು.

“ಮನಸ್ಸಲ್ಲೇ ಓದ್ಕೊಳ್ತಾರೆ.”

“ಮನಸ್ಸಲ್ಲೇನಾ?” ಗೌಡರು ಗಾಬರಿಯಿಂದ ನೆಟ್ಟಗೆ ಕೂತರು. “ಹುಷಾರಿಲ್ವಾ ಅವ್ನಿಗೆ?”

ಆ ಗಾಬರಿ ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಲಲಿತಮ್ಮನವರ ಹತ್ತಿರ ವಾದಕ್ಕೆ ನಿಂತೆ. ಅವರು ಕೆಟ್ಟವರಲ್ಲ. ಒಲೆಯ ಎದುರು ನಿಂತಿದ್ದವರು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. “ನಂಗೇನು ಇವ್ರನ್ನ ಕಟ್ಟಿ ಹಾಕೋ ಆಸೆಯಾ ಟೀಚರೇ? ನನ್ನ ತಂಗಿ ಗಂಡ ಹೀಗೇ ಮಾತಾಡ್ತಾ ಮಾತಾಡ್ತಾ ಬಿದ್ದೋದ್ರು. ಆ ಮನೆ ನೋಡಿದೀನಿ ನಾನು.” ಅವರು ಹೇಳುವುದೂ ಸರಿ, ಜಗಲಿಯಲ್ಲಿ ಟೋಪಿ ಹಾಕಿಕೊಂಡು ಬಾಡುತ್ತಿದ್ದ ಗೌಡರೂ ಸರಿ. ಕೊನೆಗೆ ಅವರೇ ಒಂದು ದಾರಿ ಹೇಳಿದರು. “ನೀವು ಅವರಿಬ್ರ ಮಧ್ಯ ಕೂತ್ಕೊಳ್ಳೋದಾದ್ರೆ ಕಳಿಸ್ತೀನಿ. ಸ್ವರ ಏರ್ತೋ, ಪೇಪರ್ ಕಿತ್ಕಳಿ. ನಿಮ್ಮ ಜವಾಬ್ದಾರಿ.” ಒಪ್ಪಿಕೊಂಡು ಬಂದೆ.

ಮರುದಿನ ಗೌಡರು ಬಂದರು. ನಾನು ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಇಬ್ಬರ ನಡುವೆ ಹಾಕಿ ಕೂತೆ. ಹಸನಬ್ಬ ಗಂಟಲು ಸರಿ ಮಾಡಿಕೊಂಡು ಓದಿದರು. ಈ ಸಲ ಹೂಮಳೆ ಸಕಾಲಕ್ಕೆ ಆಗುವ ನಿರೀಕ್ಷೆಯಿದೆ ಎಂದು.

“ಆಗಬಹುದು,” ಎಂದರು ಗೌಡರು.

ಹಸನಬ್ಬ ಅವರನ್ನೇ ನೋಡಿದರು. ಇನ್ನೊಂದು ಸುದ್ದಿ ಓದಿದರು. “ಇರಬಹುದು,” ಎಂದರು ಗೌಡರು. ಹಸನಬ್ಬರಿಗೆ ಅನುಮಾನ ಬಂದು, ಪೇಪರಿನಲ್ಲಿ ಇಲ್ಲದ್ದನ್ನೇ ಓದತೊಡಗಿದರು. ಆನೆಗಳೆಲ್ಲ ಸಭೆ ಸೇರಿ ಇನ್ನು ಮೇಲೆ ತೋಟಕ್ಕೆ ಬರುವುದಿಲ್ಲ ಎಂದು ತೀರ್ಮಾನಿಸಿವೆಯಂತೆ. “ಸಂತೋಷ,” ಎಂದರು ಗೌಡರು, ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು. ಹಸನಬ್ಬ ಪೇಪರನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. “ನನ್ನಿಂದ ಆಗಲ್ಲ ಟೀಚರೇ. ಇದು ಗೋಡೆಗೆ ಓದಿದ ಹಾಗೆ ಆಯ್ತು.”

ಅಂದು ಸಿಸ್ಟರ್ ಬರುವ ದಿನ. ಗೌಡರ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಹಿಂದಿನ ಸಲಕ್ಕಿಂತಲೂ ಹೆಚ್ಚು. ಮಾತ್ರೆ ತಪ್ಪಿಸಿದ್ರಾ ಎಂದು ಕೇಳಿದರು. ಇಲ್ಲ. ಉಪ್ಪು? ಇಲ್ಲ. “ಮತ್ತೆ ಎಂಥ ಮಾಡ್ತಿದ್ರಿ ಈಗ?” ನಾನೇ ಹೇಳಿದೆ, ಅರ್ಧ ಗಂಟೆಯಿಂದ ಹಲ್ಲು ಕಚ್ಚಿಕೊಂಡು ಎಲ್ಲದಕ್ಕೂ ಹೌದು ಎನ್ನುತ್ತಿದ್ದಾರೆ ಎಂದು. ಸಿಸ್ಟರ್ ಹಣೆ ಚಚ್ಚಿಕೊಂಡರು. “ಮಾತಾಡ್ಲಿಕ್ಕೆ ಯಾರು ಬೇಡ ಅಂದ್ರು? ಮಾತಾಡಿ. ಕೂತ್ಕೊಂಡು ಮಾತಾಡಿ, ಕೂಗ್ಬೇಡಿ, ಮೇಜು ಗುದ್ದಬೇಡಿ. ಮಾತ್ರೆ ಮಾತ್ರ ಬಿಡಬೇಡಿ.” ಲಲಿತಮ್ಮನವರಿಗೂ ಅವರೇ ಫೋನು ಮಾಡಿ ಹೇಳಿದರು.

ಅಲ್ಲಿಂದ ನಮ್ಮ ಲೈಬ್ರರಿಯಲ್ಲಿ ಜಗಳ ಶಿಸ್ತಿನಿಂದ ನಡೆಯತೊಡಗಿತು. ಎದ್ದು ನಿಲ್ಲುವ ಹಾಗಿಲ್ಲ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ದನಿ ಏರಿದರೆ ನಾನು ಪೇಪರಿನ ಮೇಲೆ ಕೈ ಇಡುತ್ತಿದ್ದೆ, ಇಬ್ಬರೂ ತಕ್ಷಣ ಇಳಿಯುತ್ತಿದ್ದರು. ಗೌಡರು ಮತ್ತೆ ತೋಟಕ್ಕೆ ಹೋಗತೊಡಗಿದರು, ಉಲ್ಲನ್ ಟೋಪಿ ಗೂಟಕ್ಕೆ ಹೋಯಿತು. ಬಿ.ಪಿ. ವಾರದಿಂದ ವಾರಕ್ಕೆ ಇಳಿಯಿತು. ತಮ್ಮ ವಾದ ಕೇಳಿಯೇ ಇಳಿದದ್ದು ಎಂದು ಹಸನಬ್ಬ, ಅವನ ಸುಳ್ಳು ತಳ್ಳಿಹಾಕಿದ್ದಕ್ಕೆ ಇಳಿದದ್ದು ಎಂದು ಗೌಡರು. ಮಾತ್ರೆಯಿಂದ ಇಳಿದದ್ದು ಎಂದು ಸಿಸ್ಟರ್ ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಹೂಮಳೆಯೂ ಆಯಿತು. ಊರವರಿಗೆ ಹೋಲಿಸಿಕೊಳ್ಳಲು ಇಂಚು ಸೆಂಟುಗಳು ಸಿಕ್ಕಿ ಆರೋಗ್ಯ ಮೂಲೆಯ ನೂಕುನುಗ್ಗಲು ಇಳಿಯಿತು. ನಿಜವಾಗಿ ನೋಡಿಸಿಕೊಳ್ಳಬೇಕಾದವರು ಮಾತ್ರ ಬರತೊಡಗಿದರು. ಪೇಟೆಯ ಆ ಯುವಕರು ಹೇಳಿದ್ದು ತೀರ ತಪ್ಪಲ್ಲ ಎಂದು ನನಗೂ ಅನಿಸಿತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಒಂದು ದಿನ ಹಸನಬ್ಬ ಓದುಗರ ಪತ್ರಗಳ ಪುಟ ತೆರೆದರು. ಯಾರೋ ಒಬ್ಬ ಮಹಾನುಭಾವರು ಬರೆದಿದ್ದರು: ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ಹಳ್ಳಿಹಳ್ಳಿಗೆ ಲೈಬ್ರರಿ ಯಾಕೆ, ಅಲ್ಲಿಗೆ ಹೊತ್ತು ಹೋಗದ ಮುದುಕರ ಹೊರತು ಯಾರೂ ಬರುವುದಿಲ್ಲ, ಮುಚ್ಚಿದರೆ ಒಳಿತು. ಗೌಡರು ಯೋಚಿಸಿ, ಬಹಳ ಸಮಾಧಾನದಿಂದ, “ಅವ್ರು ಹೇಳೋದ್ರಲ್ಲೂ ಸ್ವಲ್ಪ ಸತ್ಯ ಇದೆ” ಎಂದರು. ಹಸನಬ್ಬ ಎಂದೂ ಇಲ್ಲದವರು ಅಂದು ಗೌಡರ ಮಾತಿಗೆ ತಲೆದೂಗಿದರು.

ಆಮೇಲೆ ನಡೆದದ್ದು ನನಗೆ ಪೂರ್ತಿ ನೆನಪಿಲ್ಲ. ಎದ್ದು ನಿಂತದ್ದು ನಿಜ. ಮೇಜು ಗುದ್ದಿದ್ದೂ ನಿಜ. ಬರೆದವನು ಯಾರು, ಅವನು ಯಾವತ್ತಾದರೂ ಲೈಬ್ರರಿಯ ಮೆಟ್ಟಿಲು ಹತ್ತಿದ್ದಾನಾ, ಮುದುಕರು ಮನುಷ್ಯರಲ್ಲವಾ, ಮೊಬೈಲು ಬಂದು ಇವರ ಕಷ್ಟಸುಖ ಕೇಳುತ್ತದಾ ಎಂದೆಲ್ಲ ಕಿರುಚಿದೆನಂತೆ. ಆ ಹೊತ್ತಿಗೇ ಲಲಿತಮ್ಮನವರು ಗಂಡ ಹೇಗಿದ್ದಾರೆ ನೋಡಿಕೊಂಡು ಹೋಗೋಣವೆಂದು ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಗಂಡನೂ ಹಸನಬ್ಬರೂ ಕೈ ಕಟ್ಟಿಕೊಂಡು ಸೌಮ್ಯವಾಗಿ ಕೂತಿದ್ದರು. ನನ್ನ ಗುದ್ದಿಗೆ ‘ಮೌನವಾಗಿರಿ’ ಬೋರ್ಡು ನೆಲಕ್ಕೆ ಬಿದ್ದಿತ್ತು.

“ಟೀಚರೇ, ನೀವು ಮೊದ್ಲು ಕೂತ್ಕಳಿ,” ಎಂದರು ಲಲಿತಮ್ಮ. “ನಿಮ್ದು ಯಾವತ್ತಾದ್ರೂ ನೋಡಿಸ್ಕಂಡಿದೀರಾ?”

ಇಲ್ಲ. ಯಂತ್ರಕ್ಕೆ ಕಾವಲು ಕೂತವಳು, ನನ್ನ ತೋಳು ಕೊಡುವುದು ಹೊಳೆದಿರಲೇ ಇಲ್ಲ. ಆರೋಗ್ಯವೆಂದರೆ ಊರವರದು ಎಂದೇ ತಿಳಿದಿದ್ದೆ. ಆ ವಾರ ಸಿಸ್ಟರ್ ಬಂದಾಗ ಗೌಡರು, ಹಸನಬ್ಬ ಇಬ್ಬರೂ ನನ್ನನ್ನು ಅಲುಗಾಡಲು ಬಿಡದೆ ಕೂರಿಸಿದರು. ಯಂತ್ರ ಕೀಂ ಎಂದಿತು. ಸಿಸ್ಟರ್ ನೋಡಿ, ಅದನ್ನು ನನಗೆ ಕಾಣದ ಹಾಗೆ ತಿರುಗಿಸಿದರು. ಆದರೆ ಹಸನಬ್ಬರಿಗೆ ಕಂಡದ್ದನ್ನು ಗಟ್ಟಿಯಾಗಿ ಓದಿಯೇ ಅಭ್ಯಾಸ, ಓದಿಬಿಟ್ಟರು. ಗೌಡರ ಹಳೆಯ ದಾಖಲೆ ಮುರಿದಿತ್ತು. ಹೆದರಿಕೆಯ ನಡುವೆಯೂ ಒಂದು ಕ್ಷಣ ಹೆಮ್ಮೆಯಾದದ್ದನ್ನು ಯಾಕೆ ಮುಚ್ಚಿಡಲಿ, ನಾನೂ ಇದೇ ನೆಲದವಳು.

ಈಗ ನಾನೂ ಮೂಡಿಗೆರೆಯ ಅದೇ ಡಾಕ್ಟರ ಮಾತ್ರೆ ನುಂಗುತ್ತೇನೆ. ಉಪ್ಪಿನಕಾಯಿ ಬಿಟ್ಟಿದ್ದೇನೆ. ತಲೆಗೆ ಹಚ್ಚಿಕೊಳ್ಳುವ ವಿಷಯಗಳ ಜವಾಬ್ದಾರಿಯನ್ನು ಲಲಿತಮ್ಮನವರು ಗಂಡನಿಗೆ ವಹಿಸಿದ್ದಾರೆ, ಗೌಡರು ಅದನ್ನು ಬಹಳ ನಿಷ್ಠೆಯಿಂದ ನಿಭಾಯಿಸುತ್ತಾರೆ. ಪೇಪರ್ ಬಂದ ಕೂಡಲೇ ಹಸನಬ್ಬ ಮೊದಲು ಒಂದು ಸುತ್ತು ಕಣ್ಣಾಡಿಸಿ, ನನಗಾಗದ ಪುಟಗಳನ್ನು ಬೇರೆ ಮಾಡಿ ಗೌಡರ ಕೈಗೆ ಕೊಡುತ್ತಾರೆ. ಗೌಡರು ಅದನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಉಳಿದದ್ದು ನನಗೆ, ಹೆಚ್ಚಾಗಿ ಅಡುಗೆಯ ಪುಟ ಮತ್ತು ಪದಬಂಧ.

“ಏನ್ ಬಂದಿದೆ ಗೌಡ್ರೇ ಅದ್ರಲ್ಲಿ?” ಎಂದು ನಿನ್ನೆ ತಡೆಯಲಾರದೆ ಕೇಳಿದೆ.

“ಮಾತ್ರೆ ತಗಂಡ್ರಾ?” ಎಂದರು ಗೌಡರು. ಆಮೇಲೆ ಇಬ್ಬರೂ ಆ ಪುಟ ಹಿಡಿದುಕೊಂಡು, ನನಗೆ ಕೇಳಿಸದ ಹಾಗೆ ಜಗಳವಾಡಲು ಹೊರಗಿನ ಮೆಟ್ಟಿಲಿಗೆ ಹೋದರು.